ಕೆರಿಯಮ್ಮನ ಅಜ್ಜಿ

"ಇವತ್ತೊಂದು ದಿನ ನಿನ್ನ ಹೆಸರು ಕೆರಿಯಮ್ಮ. ತಿಳೀತಾ?" ಎಂದರು ಮುಕುಂದಯ್ಯ ಮೇಷ್ಟ್ರು.

ಆರನೇ ಕ್ಲಾಸಿನ ಗಂಗೆ ತಲೆಯಾಡಿಸಿದಳು. ಕೆಂಪು ಸ್ವೆಟರಿನೊಳಗೆ ಅವಳು ಬೆವರುತ್ತಿದ್ದಳು. ಹೊಸನಗರದಲ್ಲಿ ಮಾರ್ಚ್ ತಿಂಗಳು, ಉಣ್ಣೆ ತೊಡುವ ಕಾಲವೇ ಅಲ್ಲ. ಹತ್ತು ಸಲ ಕೇಳಿದರೂ ಬಾಯಿ ಬಿಡದ ಹುಡುಗಿ ಎಂದೇ ಮೇಷ್ಟ್ರು ಅವಳನ್ನು ಆರಿಸಿದ್ದು. ಅಂಥವಳು ಸಮಯ ನೋಡಿ ಈಗ ಬಾಯಿಬಿಟ್ಟಳು.

"ಸುಳ್ಳು ಹೇಳಬಾರ್ದು ಅಂತ ನೀವೇ ಕಾಪಿ ಬರೆಸಿದ್ರಲ್ಲ ಮೇಷ್ಟ್ರೆ?"

ಮೇಷ್ಟ್ರು ಸ್ವೆಟರಿನ ಗುಂಡಿ ಹಾಕುವುದರಲ್ಲಿ ಮುಳುಗಿದವರಂತೆ ನಟಿಸಿದರು.

ಕಿಟಕಿಯಾಚೆ, ಶಾಲೆಯ ಜಗಲಿಯಲ್ಲಿ, ಅಮೆರಿಕದ ರೂತ್ ಹಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹಾಲಿನಪುಡಿ ಕಲಸುತ್ತಿದ್ದಳು. ಇಪ್ಪತ್ತಮೂರರ ಹುಡುಗಿ. ಬಡಮಕ್ಕಳಿಗಾಗಿ ಸಂಬಳವಿಲ್ಲದೆ ಎರಡು ವರ್ಷ ದುಡಿಯುತ್ತೇನೆಂದು ಹೊರಟು ಸಾಗರಕ್ಕೆ ಬಂದು ಎರಡು ತಿಂಗಳಾಗಿತ್ತಷ್ಟೆ. ಬೆಳಿಗ್ಗೆ ಬಸ್ಸಿಳಿದವಳೇ ಕೈಮುಗಿದು, "ನಾನು ಕ್ಷೇಮ. ನೀವು ಕ್ಷೇಮವೇ?" ಎಂದಿದ್ದಳು. ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಕಾಗದದಲ್ಲಿ ಬರೆಯುವ ಮಾತನ್ನು ಬಾಯಲ್ಲಿ ಯಾರಾದರೂ ಆಡುತ್ತಾರೆಯೇ! ಮೇಷ್ಟ್ರು ಮಾತ್ರ ನಗಲಿಲ್ಲ. ಆ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅರ್ಥ ಬಿಡಿಸಿ, ಇವಳ ಅಜ್ಜಿಗೆ ಕಲಿಸಿದವರು ಅವರೇ.

ಆದದ್ದಿಷ್ಟು. ಆರು ವರ್ಷದ ಹಿಂದೆ ಅಮೆರಿಕದಿಂದ ಶಾಲೆಗೆ ಬಟ್ಟೆಯ ಗಂಟೊಂದು ಬಂದಿತ್ತು. ಒಂದು ಪುಟ್ಟ ಸ್ವೆಟರಿನ ಜೇಬಿನಲ್ಲಿ ಚೀಟಿಯಿತ್ತು: ಇದನ್ನು ತೊಟ್ಟ ಮಗು ನನಗೊಂದು ಕಾಗದ ಬರೆಯಲಿ, ಇಂತಿ ಮಾರ್ಥಾ, ವಯಸ್ಸು ಎಪ್ಪತ್ತು. ತೊಟ್ಟವಳು ಒಂದನೇ ಕ್ಲಾಸಿನ ಕೆರಿಯಮ್ಮ, ಗೇಣಿ ಗದ್ದೆ ಮಾಡುವವರ ಮನೆಯ ಮಗು. ಅವಳು ಹೇಳಿದಳು, ಮೇಷ್ಟ್ರು ಇಂಗ್ಲಿಷಿನಲ್ಲಿ ಬರೆದರು. ಆಮೇಲೆ ಅತ್ತಲಿಂದ ತಿಂಗಳಿಗೊಂದು ಕಾಗದ, ವರ್ಷಕ್ಕೊಂದು ಕೈಹೆಣಿಗೆಯ ಸ್ವೆಟರು, ಪ್ರತಿ ಸಲವೂ ಒಂದಂಗುಲ ದೊಡ್ಡದು.

ಅರವತ್ನಾಲ್ಕರಲ್ಲಿ ಅಣೆಕಟ್ಟು ಕಟ್ಟಿ ಶರಾವತಿ ನೀರು ಏರಿತು, ಗೇಣಿ ಗದ್ದೆ ಮುಳುಗಿತು. ಕೆರಿಯಮ್ಮನ ಮನೆಯವರು ಗಂಟುಮೂಟೆ ಕಟ್ಟಿ ಹೊರಟುಹೋದರು. ಎಲ್ಲಿಗೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಜ್ಜಿಗೆ ಹಾಗೆಂದು ಒಂದು ಸಾಲು ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬರೆಯಲು ಮೇಷ್ಟ್ರು ಕೂತದ್ದೂ ನಿಜ. ಆದರೆ ಬರೆದದ್ದು, 'ಪ್ರೀತಿಯ ಅಜ್ಜಿ, ನಾನು ಕ್ಷೇಮ' ಎಂದು.

ಅಲ್ಲಿಂದ ಮೂರು ವರ್ಷ ಅವರೇ ಕೆರಿಯಮ್ಮ. ಮಗ್ಗಿ ತಪ್ಪಿದ್ದು, ಜ್ವರ ಬಂದದ್ದು, ಗೆಳತಿಯ ಜೊತೆ ಟೂ ಬಿಟ್ಟದ್ದು, ಎಲ್ಲವನ್ನೂ ಬರೆದರು. ಪ್ರತಿಯೊಂದಕ್ಕೂ ಅಜ್ಜಿ ಸಮಾಧಾನ ಹೇಳುತ್ತಿದ್ದಳು. ಹೆತ್ತ ತಾಯಿಯ ಮುಖವನ್ನೇ ಕಾಣದ, ಐವತ್ತು ದಾಟಿದ ಗಂಡಸು ಆ ಕಾಗದಗಳನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದರು. ನಗುವವರು ನಗಲಿ.

ಹೆಂಡತಿ ಜಲಜಮ್ಮ ನಗಲಿಲ್ಲ, ಬೈದಳು. "ಆ ಮುದುಕಿ ಕಣ್ಣು ಕಳ್ಕೊಂಡು ಹೆಣೆದು ಕಳಿಸ್ತಾಳೆ, ನೀವು ಟ್ರಂಕಿಗೆ ತುಂಬ್ತೀರಿ. ನಾಚಿಕೆ ಆಗಲ್ವಾ ನಿಮಗೆ?"

ಆಗುತ್ತಿತ್ತು. ಟ್ರಂಕು ತೆರೆದಾಗಲೆಲ್ಲ ಆಗುತ್ತಿತ್ತು. ಹೋದ ವರ್ಷ ಬಂದ ಸ್ವೆಟರನ್ನು ಒಳಹೊರಗು ಮಾಡಿ ನೋಡಿದ ಜಲಜಮ್ಮ, ಹೆಣಿಗೆಯೆಲ್ಲ ಸಡಿಲ, ಕೈಯೇ ಬೇರೆಯಾದಂತಿದೆ ಎಂದಿದ್ದಳು. ವಯಸ್ಸಾಗಲಿಲ್ಲವೇ, ಕೈ ನಡುಗುತ್ತದೆ, ಅದಕ್ಕೇ ಈಚೆಗೆ ಕಾಗದವನ್ನೂ ಟೈಪ್ ಮಾಡಿಸುತ್ತಿದ್ದಾಳೆ ಎಂದು ಮೇಷ್ಟ್ರು ಸಮಜಾಯಿಷಿ ಕೊಟ್ಟರು. ನಡುಗುವ ಕೈಯಲ್ಲಿ ಹೆಣೆಸಿಕೊಂಡೆನಲ್ಲ ಎಂದು ಆ ದಿನ ಅವರಿಗೆ ಅನ್ನ ಸೇರಲಿಲ್ಲ.

ಈಗ ಎರಡು ತಿಂಗಳಿಂದ ಅಜ್ಜಿಯ ಕಾಗದವಿಲ್ಲ. ಬದಲಿಗೆ ಹೋದ ವಾರ ಸಾಗರದಿಂದ ಒಂದು ಕಾರ್ಡು: ನಾನು ಮಾರ್ಥಾಳ ಮೊಮ್ಮಗಳು, ಕೆರಿಯಮ್ಮನನ್ನು ನೋಡಲೇಬೇಕು.

ಮೇಷ್ಟ್ರು ಕಾರ್ಡನ್ನು ಮತ್ತೆ ಮತ್ತೆ ಓದಿದರು. ಊರಿನವರು ಆಡಿಕೊಳ್ಳುವುದು ಹಾಗಿರಲಿ, ನೌಕರಿಯೂ ಹಾಗಿರಲಿ. ಮೊಮ್ಮಗಳಿಗೆ ನಿಜ ತಿಳಿದರೆ ಅಜ್ಜಿಗೆ ತಿಳಿಯುತ್ತದೆ. ಅಜ್ಜಿಗೆ ತಿಳಿದರೆ ಇನ್ನು ಕಾಗದ ಬರುವುದಿಲ್ಲ. ಆ ಭಯಕ್ಕೆ ಗಂಗೆ ಕೆರಿಯಮ್ಮನಾದದ್ದು.

ಹಾಲು ಹಂಚಿ, ಲೋಟ ತೊಳೆದು, ನಾಲ್ಕು ಮಕ್ಕಳ ಉಗುರನ್ನೂ ಕತ್ತರಿಸಿ ರೂತ್ ಒಳಗೆ ಬಂದಳು. ಸ್ವೆಟರು ಕಂಡದ್ದೇ ತಡ, ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಹತ್ತಿರ ಬಂದು ಅದರ ತೋಳು ಹಿಡಿದು, ಅಂಚಿನಲ್ಲಿ ತಪ್ಪಿಹೋಗಿದ್ದ ಒಂದು ಹೆಣಿಗೆಯ ಮೇಲೆ ಬೆರಳಾಡಿಸಿದಳು. ಅವಳ ಮುಖ ಕೆಂಪಾಯಿತು.

ಸಿಕ್ಕಿಬಿದ್ದೆ ಎಂದುಕೊಂಡರು ಮೇಷ್ಟ್ರು. ಒಮ್ಮೆಯೂ ತೊಡದ ಉಣ್ಣೆ, ಮೇಲೆ ನುಸಿಗುಳಿಗೆಯ ವಾಸನೆ. ಯಾರಿಗೆ ತಿಳಿಯುವುದಿಲ್ಲ? ರೂತ್ ಯಾರ ಮುಖವನ್ನೂ ನೋಡಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸಮುದ್ರ ದಾಟಿ ಬಂದು ಇವರ ಶಾಲೆಯ ಮಕ್ಕಳ ಎಂಜಲು ಲೋಟ ತೊಳೆದವಳು, ಇವರ ಮರ್ಯಾದೆ ಕಾಯಲು ತಲೆ ತಗ್ಗಿಸಿ ನಿಂತಿದ್ದಾಳೆ ಎಂದು ಮೇಷ್ಟ್ರಿಗೆ ಅನ್ನಿಸಿತು. ನಾಚಿಕೆಯಿಂದ ಹಿಡಿಯಾದರು. ಇನ್ನು ಮುಚ್ಚಿಡಲಾರೆ ಎನ್ನಿಸಿತು.

"ತಾಯಿ, ಒಂದು ಮಾತು ಹೇಳಬೇಕು," ಎಂದರು.

"ನಾನೂ ಹೇಳಬೇಕು ಮೇಷ್ಟ್ರೆ. ಮೊದಲು ನಾನು," ಎಂದಳು ರೂತ್. ಗಂಗೆಯ ಎದುರು ನೆಲದ ಮೇಲೆ ಕೂತು, ಅವಳ ಎರಡೂ ಕೈ ಹಿಡಿದುಕೊಂಡಳು.

"ಕೆರಿಯಮ್ಮಾ, ಅಜ್ಜಿ ಸತ್ತು ಎರಡು ವರ್ಷ ಆಯಿತು. ಆಮೇಲೆ ಬಂದ ಕಾಗದ ಎಲ್ಲ ನಾನೇ ಬರೆದೆ. ನಿನಗೆ ಗೊತ್ತಾದರೆ ನಿನ್ನ ಕಾಗದ ಬರೋದಿಲ್ಲ ಅಂತ ಭಯ ಆಯಿತು."