ಮೂರನೇ ನಂಬರಿನ ಬಿಳುಪು

ಬಸ್ ಓಡಿಸುವವರ ಹಲ್ಲು ಮೂರನೇ ನಂಬರಿನಷ್ಟಾದರೂ ಬೆಳ್ಳಗಿರಬೇಕೆಂಬ ಕಾನೂನು ಬಂದು ಆರು ವರ್ಷವಾಗಿತ್ತು. ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು ಕುಡಿದು ಬೆಳೆದ ಹನಮೇಶನ ಹಲ್ಲು ಕಂದು. ಡ್ರೈವರ್ ಕೆಲಸಕ್ಕಾಗಿ ಇದ್ದಿಲು, ಸೋಡಾ, ನಿಂಬೆರಸ ಎಲ್ಲವನ್ನೂ ಉಜ್ಜಿ ಒಸಡಿನಲ್ಲಿ ರಕ್ತ ತರಿಸಿಕೊಂಡಿದ್ದ. ಹಲ್ಲು ಬಿಳುಪಾಗಿಸುವ ಆಸ್ಪತ್ರೆಯ ನೀಲಿ ದೀಪಕ್ಕೂ ಬಾಯಿ ಒಡ್ಡಿ ಬಂದಿದ್ದ.

ಒಂದು ಅಂದರೆ ಅಚ್ಚ ಬಿಳಿ, ಹತ್ತು ಅಂದರೆ ಕಡುಗಂದು ಎಂದು ನಂಬರು ಹಾಕಿದ ಮಾದರಿ ಹಲ್ಲುಗಳ ಪಟ್ಟಿಯನ್ನು ಡಿಪೋದ ಸಾಹೇಬರು ಅವನ ಬಾಯಿಗೆ ಹಿಡಿದರು. "ಒಂಬತ್ತು. ಈ ಸಲಾನೂ ಆಗಂಗಿಲ್ಲ ತಮ್ಮಾ. ಇನ್ನಷ್ಟು ತಿಕ್ಕಬೇಕಿತ್ತು."

"ಮೂರು ವರ್ಷ ತಿಕ್ಕೀನ್ರಿ! ಕಲೆ ಒಳಗ ಐತಿ ಅಂತ ಡಾಕ್ಟರೇ ಅಂದಾರ. ಗಾಡಿ ಕೈಲೆ ಓಡಸೂದ್ರಿ, ಹಲ್ಲಿಲೆ ಅಲ್ಲ!"

"ಪ್ಯಾಸೆಂಜರ್ನ ನೋಡಿ ನಗಬೇಕಲ್ಲೋ. ಮುಂದಿನವ್ರು ಬರ್ರಿ."

ಹನಮೇಶ ಇನ್ನೂ ಬಾಯಿಯ ಹತ್ತಿರವೇ ಇದ್ದ ಪಟ್ಟಿಯ ತುದಿಯಲ್ಲಿನ ಅಚ್ಚ ಬಿಳಿಯ ಹಲ್ಲನ್ನು ಕಟಕ್ಕನೆ ಕಚ್ಚಿ ಪುಡಿ ಮಾಡಿದ. ಚೂರುಗಳನ್ನು ಸಾಹೇಬರ ಮೇಜಿನ ಮೇಲೆ ಉಗುಳಿ, ಕಂದು ಹಲ್ಲಷ್ಟನ್ನೂ ತೋರಿಸಿದ.

"ನಕ್ಕೀನ್ರಿ, ನಂಬರ್ ಬರಕೋರಿ."