ಎರಡನೇ ಕೋಟ್

ಒಂದು ಮನೆತನದ ಮರ್ಯಾದೆ ಎಲ್ಲಿರುತ್ತದೆ ಎಂಬ ಗಹನವಾದ ಪ್ರಶ್ನೆಗೆ ಹುಡುಗನ ಸೋದರತ್ತೆಯ ಬಳಿ ಖಚಿತ ಉತ್ತರವಿತ್ತು: ಬಚ್ಚಲುಮನೆಯಲ್ಲಿ. ಹೆಣ್ಣು ನೋಡಲು ಹೋದಲ್ಲೆಲ್ಲ ಆಕೆ ಉಪ್ಪಿಟ್ಟು ಮುಗಿಸಿ, "ಕೈ ತೊಳೀಬೇಕಿತ್ತು, ಬಚ್ಚಲು ಎಲ್ಲಿ?" ಎಂದು ಏಳುತ್ತಿದ್ದರು. ಹಾಗೆ ಎದ್ದು ಹೋಗಿ ಬಂದು ಮೂರು ಸಂಬಂಧ ಬೇಡವೆಂದಿದ್ದರು.

ಈ ಸುದ್ದಿ ಹುಡುಗಿಯ ಅಪ್ಪನಿಗೆ ಮುಟ್ಟಿದ್ದು ಎರಡೇ ದಿನ ಮೊದಲು. ಟೈಲ್ಸ್ ಹಾಕಿಸಲು ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಹೊಸ ನಲ್ಲಿ, ಕನ್ನಡಿ, ಟವೆಲ್ ರಾಡು ತಂದು ಹಾಕಿ, ಗೋಡೆಗೆ ತಾವೇ ನೀಲಿ ಬಣ್ಣ ಬಳಿದರು.

"ಅಪ್ಪಾ, ಈ ಹುಡುಗ ನಂಗಿಷ್ಟ. ಇನ್ನೊಂದು ಕೋಟ್ ಹೊಡಿ," ಎಂದಳು ಮಗಳು.

ಅತ್ತೆ ಬಂದರು, ಉಪ್ಪಿಟ್ಟು ತಿಂದರು, ಎದ್ದರು. ಬಚ್ಚಲಿನಿಂದ ಹೊರಬಂದಾಗ ಸೆರಗಿನ ತುಂಬ ನೀಲಿ.

"ಯಾವಾಗ ಬಳಿದಿರಿ ರಾಯರೇ?"

"ನಿನ್ನೆ ಸಂಜೆ, ಅಮ್ಮಾ." ಗೋಡೆ ಇನ್ನೂ ಒಣಗಿರಲಿಲ್ಲ.

"ಯಾಕೆ?"

"ನೀವು ನೋಡ್ತೀರಂತ ಗೊತ್ತಾಯ್ತು."

ಆಕೆ ಸೆರಗನ್ನೊಮ್ಮೆ ನೋಡಿಕೊಂಡರು. ಆಮೇಲೆ ತೋಳು ತಿರುಗಿಸಿ ಮೊಣಕೈ ಮೇಲಿನ ಹಸಿರು ಕಲೆ ತೋರಿಸಿದರು.

"ನಮ್ಮನೇದೂ ಒಣಗಿಲ್ಲ. ನೀವು ಮನೆ ನೋಡೋಕೆ ಮುಂದಿನ ವಾರ ಬನ್ನಿ."