ಮೊದಲು ಬಾಯಿಬಿಟ್ಟವನು

"ಇದನ್ನು ಸುತ್ತಿದವರು ಯಾರು?"

ಮ್ಯಾನೇಜರ್ ಲಕ್ಷ್ಮಣನ್ ಸುಟ್ಟ ಮೋಟಾರನ್ನು ಬೆಂಚಿನ ಮೇಲಿಡಿಸಿ ತಮಿಳಿನಲ್ಲಿ ಕೇಳಿದರು. ಬತ್ತಲಗುಂಡಿನ ಬಾಳೆತೋಟದಲ್ಲಿ ಅದು ಒಂದು ದಿನವೂ ನೆಟ್ಟಗೆ ನೀರೆತ್ತದೆ ಹೊಗೆಯಾಡಿತ್ತು. ತಂತಿ ಕಬ್ಬಿಣಕ್ಕೆ ತಾಗದಂತೆ ಅದರ ಕೆಳಗೆ ಇಡಬೇಕಾದ ಕಾಗದವನ್ನೇ ಯಾರೋ ಇಡದೆ ಬಿಟ್ಟಿದ್ದರು.

ಕೆಲಸಗಾರರಲ್ಲಿ ಎಲ್ಲರಿಗಿಂತ ಹಿರಿಯನಾದ ಆಂಡಿಗೆ ನೋಡುತ್ತಲೇ ಗೊತ್ತಾಯಿತು. ತಂತಿಗೆ ಬಿಗಿದ ನೂಲಿನ ಗಂಟು ಎಡಕ್ಕಿತ್ತು. ಮೋಟಾರಿಗೆ ತಂತಿ ಸುತ್ತುವ ತೇನಿಯ ಆ ಶೆಡ್ಡಿನಲ್ಲಿ ಎಡಗೈಯಿಂದ ಗಂಟು ಹಾಕುವವನು ಕಾಳಿಮುತ್ತು ಒಬ್ಬನೇ, ಹದಿನೆಂಟು ವರ್ಷದಿಂದ ಆಂಡಿಯ ಪಕ್ಕದಲ್ಲೇ ಕೂತು ಸುತ್ತುವವನು. ಈಗ ಅವನು ಹಿಂದೆ ಎಲ್ಲರ ಜೊತೆ ತಲೆತಗ್ಗಿಸಿ ನಿಂತಿದ್ದ.

ಹಳೆಯ ಕಂಪನಿಯಲ್ಲಿ ಇದಕ್ಕೊಂದು ರೀತಿ ಇತ್ತು. ಮೋಟಾರು ಸುಟ್ಟು ವಾಪಸು ಬಂದರೆ ಎಲ್ಲರಿಗಿಂತ ಹಿರಿಯ ಕೆಲಸಗಾರ "ನನ್ನ ಕೈ ತಪ್ಪಿತು" ಅನ್ನಬೇಕು. ಆಗ ನಿಜವಾಗಿ ತಪ್ಪು ಮಾಡಿದವನು ನಾಚಿ, "ಇಲ್ಲ, ನನ್ನದು" ಅಂತ ತಾನಾಗಿ ಮುಂದೆ ಬರುತ್ತಿದ್ದ. ಯಜಮಾನರು ನಾಲ್ಕು ಬೈದು, ಟೀ ತರಿಸಿ, ಎಲ್ಲರನ್ನೂ ಕೂರಿಸಿ ಮತ್ತೆ ಸುತ್ತಿಸುತ್ತಿದ್ದರು. ಅರವತ್ತಾರನೇ ಇಸವಿಯಲ್ಲಿ ಆ ಕಂಪನಿ ಕೊಯಮತ್ತೂರಿನ ದೊಡ್ಡ ಕಂಪನಿಯೊಳಗೆ ಸೇರಿಹೋಯಿತು. ಸೇರಿ ಮೂರೇ ತಿಂಗಳು. ಮೇಜಿನ ಮೇಲೆ ತಪ್ಪು ಬರೆಯುವ ರಿಜಿಸ್ಟರ್ ಬಂದಿತ್ತು. ಹೋದ ವಾರ ಕೊಯಮತ್ತೂರಿನವನೊಬ್ಬನ ಹೆಸರು ಅದರಲ್ಲಿ ಬಿದ್ದು, ಸಂಜೆಯೊಳಗೆ ಅವನು ಕೆಲಸ ಕಳೆದುಕೊಂಡು ಗಂಟುಮೂಟೆ ಕಟ್ಟಿದ್ದ. ಅದು ಅವರ ರೀತಿ, ನಮ್ಮದು ನಮಗೆ ಅಂದುಕೊಂಡಿದ್ದ ಆಂಡಿ.

"ನನ್ನ ಕೈ ತಪ್ಪಿತು, ಸಾರ್," ಅಂದ.

ಲಕ್ಷ್ಮಣನ್ ರಿಜಿಸ್ಟರ್ ತೆರೆದರು. ಆಂಡಿ ಕಾದ. ಪೆನ್ನಿನ ಮುಚ್ಚಳ ತೆಗೆದದ್ದಾಯಿತು, ತಾರೀಖು ಬರೆದದ್ದಾಯಿತು, ಹಿಂದಿನಿಂದ ಒಂದು ಕೆಮ್ಮೂ ಇಲ್ಲ.

"ಏನ್ಲಾ ಕಾಳಿ, ಬಾಯಾಗ್ ಏನ್ ಮಡಿಕ್ಕೊಂಡಿದ್ದೀ?" ಎಂದ, ತಿರುಗದೆ, ಮನೆಮಾತಿನಲ್ಲಿ. ಮ್ಯಾನೇಜರಿಗೆ ಕನ್ನಡ ಬಾರದು.

"ಇದು ಪಳೇ ಕಂಪನಿ ಅಲ್ಲಣ್ಣಾ." ಹಿಂದಿನಿಂದ ಕಾಳಿಮುತ್ತು ಅಂದ. "ಮನೇಲಿ ಮೂರ್ ಹೆಣ್ಮಕ್ಳು ಅದಾವೆ. ಬಾಯ್ ಬರಲ್ಲಣ್ಣಾ."

ಲಕ್ಷ್ಮಣನ್ ತಲೆಯೆತ್ತಿದರು. "ಏನಯ್ಯಾ, ಏನಂತಾನೆ ಅವನು?"

ಆ ಎಡಗಂಟು ಕಣ್ಣೆದುರೇ ಇದೆ, ತಮಿಳಿನಲ್ಲಿ ಒಂದೇ ಒಂದು ಮಾತು ಸಾಕು. ಆಂಡಿ ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ.

"ಏನಿಲ್ಲ ಸಾರ್. ಊಟದ ಹೊತ್ತಾಯಿತು ಅಂತಾನೆ."

ರಿಜಿಸ್ಟರಿನಲ್ಲಿ ತನ್ನ ಹೆಸರಿನ ಮುಂದೆ ರುಜು ಹಾಕಿದ. ಮೊಳೆಗೆ ತೂಗುಹಾಕಿದ್ದ ಊಟದ ಡಬ್ಬಿ ತೆಗೆದುಕೊಂಡು ಹೊರಟ. ಕಾಳಿಮುತ್ತುವಿಗೆ ದಾರಿ ಬಿಡುವುದೂ ಮರೆತುಹೋಗಿತ್ತು, ಆಂಡಿಯೇ ಬಳಸಿಕೊಂಡು ನಡೆದ. ಬಾಗಿಲು ದಾಟುವಾಗ, ಲಕ್ಷ್ಮಣನ್ ರಿಜಿಸ್ಟರ್ ಮುಚ್ಚಿ ಉಳಿದವರಿಗೆ ಹೇಳುವುದು ಕೇಳಿಸಿತು:

"ಕಳಿಸೋಕೆ ನನಗೂ ಮನಸ್ಸಿಲ್ಲ. ಈ ಶೆಡ್ಡಿನಲ್ಲಿ ನಿಜ ಹೇಳೋ ಮನುಷ್ಯ ಅಂತ ಇದ್ದವನು ಅವನೊಬ್ಬನೇ."